ಹತ್ತನೆಯ ಸಹಿ

ಔರಾದ
31 ಮಾರ್ಚ್ 2023

ಮುಸರ್ರತ,

ನಿನ್ನ ದನಿ ಇನ್ನು ಕೇಳುವುದಿಲ್ಲ ಎಂದು ಐದು ವರ್ಷದ ಕೆಳಗೆ ಹೇಳಿದ್ದೆ. ಆ ಮಾತನ್ನು ಇವತ್ತಿನವರೆಗೂ ನಡೆಸಿಕೊಂಡು ಬಂದಿದ್ದೇನೆ. ಪತ್ರ ಬರೆಯುವುದಿಲ್ಲ ಎಂದೇನೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬೀದರ ಬಸ್ಸಿನ ಕಂಡಕ್ಟರ್ ಶರಫೋದ್ದೀನರ ಕೈಯಲ್ಲಿ ಕೊಡುತ್ತಿದ್ದೇನೆ. ಉತ್ತರವನ್ನೂ ಅವರ ಕೈಯಲ್ಲೇ ಕಳಿಸು. ಫೋನ್ ಮಾಡಬೇಡ, ಎತ್ತುವುದಿಲ್ಲ.

ವಿಷಯ ಇಷ್ಟು. ಮೊನ್ನೆ ಚುನಾವಣೆ ಘೋಷಣೆಯಾಯಿತು. ಔರಾದ ಕ್ಷೇತ್ರದಿಂದ ನಾನು ಪಕ್ಷೇತರಳಾಗಿ ನಿಲ್ಲುತ್ತಿದ್ದೇನೆ. ನಗು ಬಂದರೆ ನಕ್ಕುಬಿಡು. ಗೆಲ್ಲುವುದಿಲ್ಲ ಎಂಬುದು ನನಗೂ ಗೊತ್ತು, ಇನ್ನೂರು ಓಟು ಬಿದ್ದರೆ ಹೆಚ್ಚು. ನನಗೆ ಬೇಕಾದದ್ದು ಓಟಲ್ಲ. ಮತಯಂತ್ರದ ಮೇಲೆ ನಮ್ಮ ಮನೆಯ ಒಂದು ಹೆಸರು ಕೊನೆಯತನಕ ಉಳಿಯಬೇಕು.

ಯಾಕೆ ಎಂಬುದು ನಿನಗೆ ಗೊತ್ತಿದೆ, ಆದರೂ ಹೇಳುತ್ತೇನೆ. 2018ರಲ್ಲಿ ನನ್ನ ಗಂಡ ಅನೀಲಕುಮಾರ ಇದೇ ಕ್ಷೇತ್ರಕ್ಕೆ ನಾಮಪತ್ರ ಹಾಕಿದ. ನಮ್ಮ ಓಣಿಯವರು ಹಲಗೆ ಬಾರಿಸಿಕೊಂಡು ಅವನ ಹಿಂದೆ ಹೋದರು. ಕೊನೆಯ ದಿನ ಯಾರಿಗೂ ಹೇಳದೆ ವಾಪಸ್ ತೆಗೆದುಕೊಂಡು ಬಂದ. ಕಾರಣ ಏನೆಂದು ಸಾಯುವವರೆಗೆ ಬಾಯಿ ಬಿಡಲಿಲ್ಲ. ವಾಪಸ್ ಪಡೆಯುವ ಆ ಅರ್ಜಿ ನಿನ್ನ ಕೈಬರಹದಲ್ಲಿತ್ತು. ಬೀದರದಲ್ಲಿ ನೀನು ಅರ್ಜಿ ಬರೆದುಕೊಡುವ ಮೇಜಿನ ಮುಂದೆ ಕೂತು ಬರೆಸಿದ್ದ. ನನಗೊಂದು ಮಾತು ತಿಳಿಸಬೇಕು ಎಂದು ನಿನಗೆ ಅನ್ನಿಸಲಿಲ್ಲ.

ಅಂದಿನಿಂದ ಊರವರು ಅವನನ್ನು ವಾಪಸ್ ಎಂದೇ ಕರೆದರು. ಅವನು ತೀರಿಕೊಂಡ ದಿನ ದಾರಿ ಕೇಳಿದ ನೆಂಟರಿಗೆ ಅಂಗಡಿಯವನು, “ವಾಪಸ್‌ನ ಮನೀನಾ? ಹಿಂಗ ಎಡಕ್ಕ ಹೋಗ್ರಿ” ಎಂದು ಕೈ ತೋರಿಸಿದನಂತೆ. ಬರುವ ಜೂನ್‌ಗೆ ಎರಡು ವರ್ಷ. ನಾನು ಇನ್ನೂ ಅತ್ತಿಲ್ಲ. ಅಳು ಬರುವುದಿಲ್ಲ.

ಅವತ್ತು ವಾಪಸ್ ಬರೆದುಕೊಟ್ಟವಳು ನೀನು. ಈಗ ಹಾಕುವುದನ್ನೂ ನೀನೇ ಬರೆದುಕೊಡು. ಔರಾದದಲ್ಲಿ ಬರೆಸಿದರೆ ಶಾಯಿ ಒಣಗುವ ಮುಂಚೆ ಊರೆಲ್ಲ ಗೊತ್ತಾಗುತ್ತದೆ.

ಗೆಳತಿ ಎಂದು ಸದ್ಯ ಬರೆಯಲಾರದ
ಮಹಾಮಾಯಾ

*

ಬೀದರ
3 ಏಪ್ರಿಲ್ 2023

ಮಾಯಾ,

ಶರಫೋದ್ದೀನ ಭಾಯ್ ನಿನ್ನ ಪತ್ರವನ್ನು ಟಿಕೆಟ್ ಚೀಲದಿಂದ ತೆಗೆದುಕೊಟ್ಟರು. ಅಕ್ಷರ ನೋಡಿದ ಕೂಡಲೇ ನಿನ್ನದೆಂದು ತಿಳಿಯಿತು. ಟೀಚರ್ ಟ್ರೇನಿಂಗಿನಲ್ಲಿ ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತು ನಿನ್ನ ನೋಟ್ಸ್ ನಕಲು ಮಾಡಿದವಳು ನಾನು. ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಬರಲಿಲ್ಲ. ಅಮ್ಮಿ ಹೋದಾಗಿನಿಂದ ಹೀಗೇ ಇದ್ದೇನೆ. ಅಮ್ಮಿ ಎಂದರೆ ನಿನಗೆ ಶುಕ್ರವಾರಕ್ಕೊಮ್ಮೆ ಬಡಿಸುತ್ತಿದ್ದ ಅದೇ ಮಹಮೂದಾ ಬೇಗಂ. ನಿನ್ನ ಅನೀಲಕುಮಾರ ತೀರಿಕೊಂಡ ವರ್ಷವೇ ಅವರೂ ಹೋದರು. ಜನ ಬಂದು ಅತ್ತರು, ನಾನು ಅವರಿಗೆ ಚಹಾ ಮಾಡಿಕೊಟ್ಟೆ. ಈಗ ಮನೆಯಲ್ಲಿ ನಾನೊಬ್ಬಳೇ. ಹತ್ತರಿಂದ ಐದರವರೆಗೆ ಕಚೇರಿ ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಅದೇ ಮೇಜು, ಅದೇ ಅರ್ಜಿಗಳು.

ಅವತ್ತಿನ ವಿಷಯ. ಅನೀಲ ಭಾಯ್ ಜೀಪಿನಲ್ಲಿ ಬಂದಿದ್ದರು, ಜೊತೆಗೆ ಇಬ್ಬರಿದ್ದರು. ಹೊಸ ಅಂಗಿ ಹಾಕಿದ್ದರು. ಬರೆಯಿರಿ ಎಂದರು, ಬರೆದೆ. ನಮ್ಮ ಅಬ್ಬಾ ಜಹೀರೋದ್ದೀನ ಇದೇ ಮೇಜಿನಲ್ಲಿ ನಲವತ್ತು ವರ್ಷ ಅರ್ಜಿ ಬರೆದವರು. ಬರೆಸಲು ಬಂದವರನ್ನು ಯಾಕೆ ಎಂದು ಕೇಳಬಾರದು ಎಂದು ನನಗೆ ಕಲಿಸಿದ್ದರು. ಕೇಳಬೇಕಿತ್ತು. ಐದು ವರ್ಷದಿಂದ ಈ ಒಂದು ವಾಕ್ಯ ಬರೆಯಬೇಕು ಎಂದು ಇದ್ದೆ, ಈಗ ಬರೆದೆ.

ನಾಮಪತ್ರ ನಾನೇ ತುಂಬುತ್ತೇನೆ, ಸಹಿ ಮಾಡಿಸಲು ಖಾಲಿ ನಮೂನೆ ಇದರ ಜೊತೆ ಇದೆ. ದೊಡ್ಡ ಪಕ್ಷದವರಿಗೆ ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕ ಸಾಕು. ನಿನ್ನಂಥ ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಔರಾದ ಕ್ಷೇತ್ರದ ಮತದಾರರೇ ಆಗಿರಬೇಕು, ಪಟ್ಟಿಯಲ್ಲಿ ಅವರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿ ಬರೆದುಕೋ. ಒಂದು ಸಹಿ ಹೋದರೆ ಒಂಬತ್ತು ಇದ್ದೂ ಇಲ್ಲದಂತೆ. ಇಪ್ಪತ್ತನೇ ತಾರೀಖು ಮಧ್ಯಾಹ್ನ ಮೂರಕ್ಕೆ ಬಾಗಿಲು ಮುಚ್ಚುತ್ತಾರೆ. ನಾಲ್ಕು ಪ್ರತಿ ಹಾಕಬಹುದು. ಒಂದರಲ್ಲಿ ತಪ್ಪಾದರೆ ಇನ್ನೊಂದು ಉಳಿಯುತ್ತದೆ. ನಲವತ್ತು ಜನ ಸಿಗುತ್ತಾರಾ ನೋಡು.

ರಂಜಾನಿನ ರೋಜಾ ನಡೆಯುತ್ತಿದೆ, ಹಗಲೆಲ್ಲ ಉಪವಾಸ. ಬಿಸಿಲು ಹೇಗಿದೆ ಎಂದು ನೀನೇ ಬಲ್ಲೆ.

ಮುಸರ್ರತ

*

ಔರಾದ
10 ಏಪ್ರಿಲ್ 2023

ಮುಸರ್ರತ,

ನಲವತ್ತು ಎಂದು ಬರೆದಿದ್ದೀ. ನಿನಗೆ ಇನ್ನೂ ತಮಾಷೆ ಮಾಡುವ ಬುದ್ಧಿ ಇದೆ ಎಂದಾಯಿತು. ಐದಾರು ದಿನ ಕಾಲು ಸವೆಸಿ ನಾಲ್ಕು ಸಹಿ ಮಾಡಿಸಿದ್ದೇನೆ.

ಮೊದಲು ನಮ್ಮ ಖಾಸಗಿ ಸಾಲಿಯ ಹೆಡ್‌ಮಾಸ್ತರರ ಮನೆಗೆ ಹೋದೆ. ಹನ್ನೊಂದು ವರ್ಷ ಅವರ ಕೈಕೆಳಗೆ ಪಾಠ ಮಾಡುತ್ತಿದ್ದೇನೆ. ಕೂಡಿಸಿ ಮಜ್ಜಿಗೆ ಕೊಟ್ಟರು. ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದು ಅರ್ಧ ಗಂಟೆ ಹೇಳಿದರು. ಕಾಗದ ತೆಗೆದಾಗ ಕನ್ನಡಕ ಹುಡುಕತೊಡಗಿದರು. ಕನ್ನಡಕ ಅವರ ಹಣೆಯ ಮೇಲೇ ಇತ್ತು. ನಾನೂ ಹೇಳಲಿಲ್ಲ, ಅವರೂ ಕಂಡುಕೊಳ್ಳಲಿಲ್ಲ. ಎದ್ದು ಬಂದೆ.

ಕಿರಾಣಿ ಅಂಗಡಿಯವನು ಓಟು ನಿನಗೇ ಹಾಕುತ್ತೇನೆ ಎಂದ. ಓಟು ಹಾಕಿದರೆ ಯಾರಿಗೂ ಕಾಣುವುದಿಲ್ಲ, ಸಹಿ ಹಾಕಿದರೆ ಕಾಣುತ್ತದೆ, ಇಷ್ಟೇ ಫರಕು. ಎಲ್ಲರದೂ ಇದೇ ಮಾತು. ಭರವಸೆ ಬೇಕಾದಷ್ಟು ಕೊಡುತ್ತಾರೆ, ಪೆನ್ನು ಮುಟ್ಟುವುದಿಲ್ಲ. ನಮ್ಮ ಓಣಿಯವರೇ ಹಿಂಜರಿಯುತ್ತಿದ್ದಾರೆ. ಒಬ್ಬ ಮುದುಕ ನನ್ನ ಮುಖಕ್ಕೇ ಹೇಳಿದ, “ಹೋದ ಸಲ ನಿನ್ನ ಗಂಡಗ ಸಹಿ ಹಾಕಿದ್ದೆ ತಂಗಿ. ಅಂವ ತಾ ವಾಪಸ್ ಬಂದ, ನಾ ಹೊಲದಾಗ ನಕ್ಕೋತ ನಿಂತವರ ನಡುವ ಕೂಲಿ ಮಾಡ್ದೆ. ಈಗ ನೀ ಬಂದಿ.” ಮುಂದಿನ ಮನೆಗೆ ಹೋದೆ.

ಸಿಕ್ಕ ನಾಲ್ವರಲ್ಲಿ ಮೊದಲನೆಯವರು ಟೇಲರ್ ಕುತುಬೋದ್ದೀನ ಸಾಹೇಬರು. ಹೊಲಿಗೆ ಯಂತ್ರ ನಿಲ್ಲಿಸದೆಯೇ ಎಲ್ಲಿ ಎಂದು ಕೇಳಿ ಸಹಿ ಹಾಕಿದರು, ಯಾಕೆ ಎಂದು ಕೇಳಲಿಲ್ಲ. ನಿನ್ನ ಅಬ್ಬಾನ ಥರದವರೇ ಇರಬೇಕು. ಪಕ್ಕದ ಮನೆಯ ಶೀತಲ ಹಾಕಿದಳು. ಪಟ್ಟಿಯಲ್ಲಿ ಅವಳ ಹೆಸರು ಈ ವರ್ಷವೇ ಬಂದಿದೆ. ಇನ್ನಿಬ್ಬರು ನನ್ನ ಸಂಜೆ ಸಾಲಿಯ ಹೆಂಗಸರು. ನನ್ನ ಹತ್ತಿರ ಹೆಸರು ಬರೆಯಲು ಕಲಿತವರು.

ಒಬ್ಬೊಬ್ಬರ ಬಾಗಿಲಿಗೆ ಹೋಗಿ ನಿಂತಾಗ ಮೈಯಲ್ಲಿ ಏನೂ ಆಗುವುದಿಲ್ಲ. ಇಲ್ಲ ಎಂದಾಗಲೂ ಆಗುವುದಿಲ್ಲ, ಹೂಂ ಎಂದಾಗಲೂ ಆಗುವುದಿಲ್ಲ. ನೀನು ಬರೆದದ್ದು ಓದಿದ ಮೇಲೆ ನಾನೊಬ್ಬಳೇ ಹೀಗಲ್ಲ ಎಂದು ತಿಳಿಯಿತು.

ಮಹಾಮಾಯಾ

*

ಬೀದರ
13 ಏಪ್ರಿಲ್ 2023

ಮಾಯಾ,

ನಾಳೆ ಜಯಂತಿ. ಮೆರವಣಿಗೆಗೆ ನಿಮ್ಮ ಮಂದಿಯೆಲ್ಲ ಒಂದೆಡೆ ಸೇರುತ್ತಾರೆ. ಬಾಬಾಸಾಹೇಬರ ಫೋಟೋದ ಮುಂದೆ ನಿಂತು ಕೇಳು, ಅಲ್ಲಿ ಇಲ್ಲ ಎನ್ನುವವರು ಕಡಿಮೆ. ಇದು ವ್ಯಾಪಾರದ ಮಾತಾಯಿತು, ಆದರೆ ನಾನು ವ್ಯಾಪಾರದವಳೇ.

ಪ್ರಮಾಣಪತ್ರದ ಕರಡು ಇದರ ಜೊತೆ ಇದೆ. ಆಸ್ತಿ ಎಂಬಲ್ಲಿ ನಿನ್ನ ಹೊಲಿಗೆ ಯಂತ್ರವನ್ನೂ ಬರೆದಿದ್ದೇನೆ. ಮೀಸಲು ಕ್ಷೇತ್ರ, ಜಾತಿ ಪ್ರಮಾಣಪತ್ರ ಹೊಸದು ಮಾಡಿಸು, ನೀನು ಕಳಿಸಿದ ಹಳೆಯದರಲ್ಲಿ ಮಡಿಕೆಯ ಮೇಲೆ ಹೆಸರು ಅಳಿಸಿದೆ. ನೋಟರಿ ಅಲ್ಲೇ ಔರಾದದಲ್ಲಿ ಮಾಡಿಸು. ಸಹಿಗಳಾದ ಮೇಲೆ ನಾಮಪತ್ರ ನನಗೆ ಕಳಿಸು. ಒಂದೊಂದು ಸಾಲೂ ಪಟ್ಟಿಗೆ ಹಚ್ಚಿ ನೋಡಿ ತಿರುಗಿ ಕಳಿಸುತ್ತೇನೆ.

ನಿನ್ನ ಹೆಸರನ್ನು ಅಭ್ಯರ್ಥಿ ಎಂಬ ಜಾಗದಲ್ಲಿ ಬರೆಯುವಾಗ ಪೆನ್ನು ಒಂದು ಕ್ಷಣ ನಿಂತಿತು. ಈ ಮೇಜಿನಲ್ಲಿ ಬರೆಯುವಾಗ ಹಾಗಾಗಿ ಎರಡು ವರ್ಷವಾಗಿತ್ತು. ಖುಷಿಯಾಯಿತು ಎಂದೇ ತಿಳಿದುಕೋ.

ಮುಸರ್ರತ

*

ಔರಾದ
17 ಏಪ್ರಿಲ್ 2023

ಮುಸರ್ರತ,

ಫೋಟೋದ ಮುಂದೆ ಕೇಳಿದೆ. ಐದು ಸಿಕ್ಕವು. ಅವತ್ತು ನನ್ನ ಮುಖಕ್ಕೆ ಅಂದ ಮುದುಕನೂ ಬಂದು ಹಾಕಿದ. ಪೆನ್ನು ತಿರುಗಿ ಕೊಡುವಾಗ, “ಈ ಸಲ ಯಂತ್ರದ ಮ್ಯಾಲ ನಿನ್ನ ಹೆಸರು ನೋಡಿದ ಮ್ಯಾಲೇ ನಾ ನಂಬತೇನಿ” ಎಂದ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಈಗ ಒಂಬತ್ತು. ಹತ್ತನೆಯವಳು ಸಖುಬಾಯಿ. ಊರ ಹೊರಗೆ ಕುರಿ ಹಟ್ಟಿಯಲ್ಲಿದ್ದಾಳೆ, ವಯಸ್ಸು ಅರವತ್ತರ ಮೇಲೆ. ಸಂಜೆ ಸಾಲಿಯಲ್ಲಿ ಎಲ್ಲರಿಗಿಂತ ತಡವಾಗಿ ಕಲಿತವಳು ಅವಳೇ. ತನ್ನ ಹೆಸರು ಬರೆಯಲು ಅವಳಿಗೆ ಎರಡು ಚಳಿಗಾಲ ಹಿಡಿಯಿತು. ಕಲಿತ ಮೇಲೆ ಕಂಡ ಕಂಡ ಕಾಗದಕ್ಕೆಲ್ಲ ಸಹಿ ಹಾಕುತ್ತಾಳೆ, ಕೊರಿಯರ್ ಹುಡುಗರನ್ನು ಕಾಯಿಸಿ ಹಾಕುತ್ತಾಳೆ. ನಿಮ್ಮ ಸಹಿ ಬೇರೆಯವರಿಗೆ ಬಿಡಬೇಡಿ, ಅದು ನಿಮ್ಮ ಮುಖ ಇದ್ದಂತೆ ಎಂದು ತರಗತಿಯಲ್ಲಿ ನಾನೇ ಹೇಳಿದ್ದೆ. ಅವಳ ಮಂದಿ ನಮ್ಮವರ ಕಾಗದ ಮುಟ್ಟಬೇಡ ಎಂದು ಅವಳನ್ನು ಬೈದರಂತೆ. ಅವಳು, “ಅಕ್ಕೋರ ಕಲಿಸಿದ್ದು, ಅಕ್ಕೋರಿಗೇ ಮೊದಲ ಉಪಯೋಗ ಆಗಲಿ” ಎಂದು ನನಗೆ ಮಾತು ಕೊಟ್ಟಳು.

ತೊಂದರೆ ಏನೆಂದರೆ, ನಾನು ಕಾಗದ ಹಿಡಿದು ಹೋಗುವಷ್ಟರಲ್ಲಿ ಅವಳು ಭಾಲ್ಕಿಗೆ ಹೋಗಿದ್ದಾಳೆ. ಅಲ್ಲಿ ಅವಳ ಮೊಮ್ಮಗಳಿಗೆ ದಿನ ತುಂಬಿದೆ. ಅವಳ ಹತ್ತಿರ ಫೋನಿಲ್ಲ. ನನಗೆ ನೋಟರಿ, ಬ್ಯಾಂಕು, ಜಾತಿ ಪತ್ರ ಎಂದು ಕಚೇರಿಯಿಂದ ಕಚೇರಿಗೆ ಓಡಾಟ, ಔರಾದ ಬಿಡಲು ಆಗುವುದಿಲ್ಲ. ಬೇರೆಯವರನ್ನು ಕೇಳುವ ಶಕ್ತಿ ನನ್ನಲ್ಲಿಲ್ಲ, ಕೇಳಿದರೂ ಕೊಡುವವರಿಲ್ಲ. ನಾಮಪತ್ರ ಕಳಿಸಿದ್ದೇನೆ. ಭಾಲ್ಕಿಯ ಮನೆಯ ಗುರುತು ಹಿಂದೆ ಬರೆದಿದ್ದೇನೆ. ನೀನು ಹೋಗಿ ಸಹಿ ಮಾಡಿಸಿಕೊಂಡು, ಅಲ್ಲಿಂದಲೇ ಔರಾದ ಬಸ್ಸಿಗೆ ಹಾಕು.

ರೋಜಾದಲ್ಲಿ ನಿನ್ನನ್ನು ಓಡಾಡಿಸುತ್ತಿದ್ದೇನೆ. ಬೇರೆ ದಾರಿ ಇದ್ದರೆ ಓಡಾಡಿಸುತ್ತಿರಲಿಲ್ಲ.

ನಿನ್ನನ್ನೇ ನೆಚ್ಚಿಕೊಂಡ
ಮಹಾಮಾಯಾ

*

ಭಾಲ್ಕಿ ಬಸ್ ನಿಲ್ದಾಣ
19 ಏಪ್ರಿಲ್ 2023

ಮಾಯಾ,

ಹತ್ತನೆಯದೂ ಆಯಿತು. ಸಾಲುಗಳನ್ನೆಲ್ಲ ಪಟ್ಟಿಗೆ ಹಚ್ಚಿ ನೋಡಿದ್ದೇನೆ, ಸಂಖ್ಯೆಗಳು ಸರಿ ಇವೆ. ಲಕೋಟೆಗೆ ಅಂಟು ಹಚ್ಚಿ ಔರಾದ ಬಸ್ಸಿನವರ ಕೈಗೆ ಕೊಡುತ್ತಿದ್ದೇನೆ. ನಾಳೆ ಮೂರರ ಒಳಗೆ ಕೊಟ್ಟುಬಿಡು. ಅಧಿಕಾರಿಯಿಂದ ಸ್ವೀಕೃತಿ ಚೀಟಿ ಮರೆಯದೆ ಪಡೆದುಕೋ.

ಬಸ್ಸು ಹೊರಡುತ್ತಿದೆ, ಹೆಚ್ಚು ಬರೆಯಲು ಆಗುತ್ತಿಲ್ಲ.

ಮುಸರ್ರತ

*

ಔರಾದ
22 ಏಪ್ರಿಲ್ 2023

ಮುಸರ್ರತ,

ಇವತ್ತು ನಿನ್ನ ಹಬ್ಬ. ಹಬ್ಬದ ದಿನ ಬರೆಯಬಾರದ್ದನ್ನು ಬರೆಯುತ್ತಿದ್ದೇನೆ. ನನ್ನ ನಾಮಪತ್ರ ತಿರಸ್ಕೃತವಾಯಿತು.

ನಿನ್ನೆ ಹನ್ನೊಂದಕ್ಕೆ ಪರಿಶೀಲನೆ ಶುರುವಾಯಿತು. ನನ್ನ ಹೆಸರು ಕರೆದಾಗ ಇನ್ನೊಬ್ಬ ಅಭ್ಯರ್ಥಿಯ ವಕೀಲ ಎದ್ದುನಿಂತ. ಹತ್ತನೇ ಸೂಚಕಿ ಸಖುಬಾಯಿಯ ಸಹಿ ಅವಳದ್ದಲ್ಲ ಎಂದ. ಅವರ ಗುಂಪಿನಲ್ಲಿ ಹಟ್ಟಿಯವನೊಬ್ಬ ಇದ್ದಾನೆ. ನನಗೆ ಸಹಿ ಹಾಕುತ್ತೇನೆ ಎಂದದ್ದಕ್ಕೆ ಅವನಿಗೆ ಅವಳ ಮೇಲೆ ಮೊದಲೇ ಸಿಟ್ಟಿತ್ತು, ಸೂಚಕರ ಪಟ್ಟಿಯಲ್ಲಿ ಅವಳ ಹೆಸರು ನೋಡಿ ಭಾಲ್ಕಿಗೇ ಹೋಗಿ ಸಹಿ ಹಾಕಿದೆಯಾ ಎಂದು ಕೇಳಿದ್ದಾನೆ, ಇಲ್ಲ ಎಂದಳಂತೆ. ಅಧಿಕಾರಿ ಶಾಂತವಾಗಿ ಕೇಳಿದರು, ಆಕೆಯನ್ನು ಕರೆಸುತ್ತೀರಾ ಎಂದರು. ಕರೆಸುವುದೇನು, ಭಾಲ್ಕಿಯಿಂದ ಜೀಪಿನಲ್ಲಿ ಕರೆತಂದು ಹೊರಗೇ ಕೂಡಿಸಿದ್ದರು.

ಸಖುಬಾಯಿ ಬಂದಳು. ನನ್ನನ್ನು ನೋಡಿ ನಮಸ್ಕಾರ ಮಾಡಿದಳು. ಮೊಮ್ಮಗಳಿಗೆ ಹೆಣ್ಣುಕೂಸು ಆಯಿತೆಂದು ಅಷ್ಟು ಮಂದಿಯ ನಡುವೆ ನನಗೆ ಸುದ್ದಿ ಹೇಳಿದಳು. ಅಧಿಕಾರಿ ಕಾಗದ ಮುಂದಿಟ್ಟು ಇದು ನಿಮ್ಮ ಸಹಿಯೇ ಎಂದು ಕೇಳಿದರು. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

“ಇದು ನಂದಲ್ಲರಿ ಸಾಹೇಬರ. ನನ್ನ ಸಹಿ ಇಷ್ಟು ಚಂದ ಇರಂಗಿಲ್ಲ. ಪೆನ್ ಕೊಡ್ರಿ, ಈಗ ಮಾಡಿ ತೋರಸ್ತೇನಿ.”

ಅಧಿಕಾರಿ ಒಂದು ಬಿಳಿ ಹಾಳೆ ಕೊಟ್ಟರು. ಅವಳು ಸೆರಗು ಸಿಕ್ಕಿಸಿಕೊಂಡು, ನಾಲಿಗೆ ಹಲ್ಲಿನ ನಡುವೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಬರೆದು ಮುಗಿಸಿ ನನ್ನ ಕಡೆ ನೋಡಿ ನಕ್ಕಳು. ತನ್ನಿಂದ ನನಗೆ ಸಹಾಯವಾಯಿತು ಎಂದು ಅವಳ ಲೆಕ್ಕ. ಅಧಿಕಾರಿ ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ಎಲ್ಲರಿಗೂ ತೋರಿಸಿ, ಆದೇಶ ಬರೆಯತೊಡಗಿದರು. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಸಖುಬಾಯಿ ಮಾತ್ರ, “ಈಗ ಮಾಡಿದ್ದು ಹಚ್ಕೋರಿ, ನಡೀತದಲ್ಲ?” ಎಂದು ಕೇಳುತ್ತಲೇ ಇದ್ದಳು.

ಹೊರಗೆ ಬಂದಾಗ ನಮ್ಮ ಓಣಿಯವರು ನಿಂತಿದ್ದರು. ಜೀಪು ಯಾರದ್ದು ಎಂದು ಅವರಿಗೆ ಗೊತ್ತಿತ್ತು. ಮುದುಕಿ ಮಾರಿಕೊಂಡಳು ಎಂದು ಯಾರೋ ಕೂಗಿದರು. ನಾನು ಇಲ್ಲ ಎನ್ನಲಿಲ್ಲ.

ಹೀಗೆ ಹೇಗಾಯಿತು ಎಂದು ನಿನ್ನನ್ನು ಕೇಳುತ್ತಿಲ್ಲ.

ಮಹಾಮಾಯಾ

*

ಬೀದರ
29 ಏಪ್ರಿಲ್ 2023

ಮಾಯಾ,

ಪತ್ರ ಸಿಕ್ಕು ಐದು ದಿನವಾಯಿತು. ಈದ್‌ಗೆ ಶೀರ್ ಖುರ್ಮಾ ಪಾಯಸ ಮಾಡಿದ್ದೆ. ಸಕ್ಕರೆ ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದೆ, ತಿನ್ನುವಾಗ ಅದೂ ಗೊತ್ತಾಗಲಿಲ್ಲ. ಪಕ್ಕದ ಮನೆಯ ಕುಬರಾ ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದಳು.

ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ತುಂಬಾ ಕೆಟ್ಟದ್ದಾಯಿತು. ಸಖುಬಾಯಿಯ ಮೇಲೆ ಜನ ಸಿಟ್ಟಾಗದಂತೆ ನೋಡಿಕೋ, ಅವಳು ವಯಸ್ಸಾದವಳು.

ಪಿಂಚಣಿ ಅರ್ಜಿಗಳ ಗದ್ದಲ ಹೆಚ್ಚಾಗಿದೆ. ಬೆಳಿಗ್ಗೆಯಿಂದ ಇಪ್ಪತ್ತಾರು ಬರೆದೆ.

ಮುಸರ್ರತ

*

ಔರಾದ
15 ಮೇ 2023

ಮುಸರ್ರತ,

ಮೊನ್ನೆ ಎಣಿಕೆ ಮುಗಿಯಿತು. ಗೆದ್ದವರು ಗುಲಾಲು ಎರಚಿಕೊಂಡು ಹೋದರು. ಹತ್ತನೇ ತಾರೀಖು ನಾನೂ ಸಾಲಿನಲ್ಲಿ ನಿಂತು ಓಟು ಹಾಕಿ ಬಂದೆ. ಯಂತ್ರದ ಮುಂದೆ ನಿಂತು ಹೆಸರುಗಳನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಹೊರಗಿನಿಂದ ಬೇಗ ಒತ್ತಿರಿ ಎಂದು ಕೂಗಿದರು. ಯಾರದ್ದು ಒತ್ತಿದೆನೋ ನೆನಪಿಲ್ಲ.

ಅವತ್ತಿನ ಮುದುಕ ಈಗ ಮಾತೇ ಆಡುವುದಿಲ್ಲ. ಮೊದಲು ಒಬ್ಬರಿಗೆ ಇದ್ದ ವಾಪಸ್ ಎಂಬ ಹೆಸರು ಈಗ ಮನೆಗೇ ಬಂದಿದೆ.

ನೋಡಲು ಆಗದಿರುವುದು ಸಖುಬಾಯಿಯನ್ನು. ನಮ್ಮ ಓಣಿಯವರು ಅವಳನ್ನು ಮಾರಿಕೊಂಡವಳು ಎನ್ನುತ್ತಾರೆ. ಅವಳ ಮಂದಿ ಆ ಕಾಗದಕ್ಕೆ ಒಪ್ಪಿದ್ದೇ ತಪ್ಪು ಎನ್ನುತ್ತಾರೆ. ಸಂಜೆ ಸಾಲಿಗೆ ಅವಳು ಬಂದು ಕೂತರೆ ಉಳಿದ ಹೆಂಗಸರು ಚಾಪೆ ಎಳೆದುಕೊಂಡು ದೂರ ಕೂರುತ್ತಾರೆ. ನಾಲ್ಕು ದಿನ ನನ್ನ ಮನೆ ಬಾಗಿಲಿಗೆ ಬಂದಳು. “ಅಕ್ಕೋರ, ನಾ ಖರೇನೇ ಹೇಳಿದ್ದು. ಖರೇ ಹೇಳಿದ್ರ ತಪ್ಪಾಗ್ತದೇನ್ರಿ?” ಎಂದು ಕಿಟಕಿಯಿಂದ ಕೇಳಿದಳು. ನಾನು ಒಳಗೇ ಕೂತಿದ್ದೆ, ಬಾಗಿಲು ತೆಗೆಯಲಿಲ್ಲ. ಐದನೇ ದಿನ ಅವಳು ಬರಲಿಲ್ಲ.

ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೂ ಎದ್ದು ಹೋಗುವುದಿಲ್ಲ.

ಮಹಾಮಾಯಾ

*

ಬೀದರ
4 ಜೂನ್ 2023

ಮಾಯಾ,

ಈ ಪತ್ರವನ್ನು ಇಪ್ಪತ್ತು ದಿನದಲ್ಲಿ ಏಳು ಸಲ ಬರೆದೆ. ಅರ್ಜಿಯ ಹಾಗೆ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಇದೂ ಹರಿದುಹೋಗುತ್ತದೆ.

ಆ ಸಹಿ ನಾನು ಹಾಕಿದ್ದು.

ಹತ್ತೊಂಬತ್ತರಂದು ಮಧ್ಯಾಹ್ನ ಎರಡಕ್ಕೆ ಭಾಲ್ಕಿಯ ಆ ಮನೆ ಮುಟ್ಟಿದೆ. ಬೀಗ ಹಾಕಿತ್ತು. ಬೆಳಿಗ್ಗೆ ಹೆರಿಗೆ ನೋವು ಬಂದು ಎಲ್ಲರೂ ಆಸ್ಪತ್ರೆಗೆ ಹೋಗಿದ್ದಾರೆ ಎಂದು ಎದುರು ಮನೆಯವರು ಹೇಳಿದರು. ಆಸ್ಪತ್ರೆ ಎಲ್ಲಿ ಎಂದೂ ಕೈಮಾಡಿ ತೋರಿಸಿದರು. ದೂರವೇನಿರಲಿಲ್ಲ, ನಡೆದರೆ ಹತ್ತು ನಿಮಿಷ. ನಾನು ಕಟ್ಟೆಯ ಮೇಲೆ ಕೂತೆ. ಈಗ ಏಳುತ್ತೇನೆ, ಈಗ ಏಳುತ್ತೇನೆ ಎಂದುಕೊಂಡು ನಾಲ್ಕೂವರೆಯವರೆಗೆ ಕೂತೇ ಇದ್ದೆ. ರೋಜಾದ ಮೇಲೆ ಹಾಕಬೇಡ. ಹಸಿವೆ ಬಾಯಾರಿಕೆ ನನಗೆ ಚಿಕ್ಕಂದಿನಿಂದ ರೂಢಿ. ಬಿಸಿಲಿನ ಮೇಲೂ ಹಾಕಬೇಡ, ಕಟ್ಟೆಗೆ ನೆರಳಿತ್ತು. ಏಳಬೇಕು ಎಂದು ಗೊತ್ತಿತ್ತು, ಏಳಲಿಲ್ಲ. ಎರಡು ವರ್ಷದಿಂದ ಏನೂ ಅನ್ನಿಸುವುದಿಲ್ಲ ಎಂದು ನಾನು ಬರೆಯುತ್ತಿದ್ದೆನಲ್ಲ, ಅದರ ಫಲ ಇದು. ಅವತ್ತು ನಿನ್ನ ಹೆಸರು ಯಂತ್ರದ ಮೇಲೆ ಬರಬೇಕು ಎಂಬುದೂ ನನಗೆ ಅನ್ನಿಸಲಿಲ್ಲ.

ನಮ್ಮ ಮರದ ಕೆಳಗೆ ಇದು ದಿನದ ಕೆಲಸ. ಬರೆಸಿದವರು ಸಹಿಗೆ ಮೊದಲೇ ಎದ್ದುಹೋದರೆ, ಒಪ್ಪಿಗೆ ಇದೆಯಲ್ಲ ಎಂದು ನಾವೇ ಅವರ ಹೆಸರು ಗೀಚಿಬಿಡುತ್ತೇವೆ. ಅಬ್ಬಾ ಹಾಕುತ್ತಿದ್ದರು, ನಾನೂ ಹಾಕುತ್ತೇನೆ. ಇದುವರೆಗೆ ಯಾರೂ ಕೇಳಿರಲಿಲ್ಲ. ಸಖುಬಾಯಿ ನಿನಗೆ ಮಾತು ಕೊಟ್ಟಿದ್ದಳು, ಒಪ್ಪಿಗೆ ಇತ್ತು. ಬ್ಯಾಗಿನಿಂದ ಪೆನ್ನು ತೆಗೆದು ಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ಕೈಗೆ ಚಂದ ಬರೆಯುವುದೇ ರೂಢಿ, ಅದೇ ಮುಳುವಾಯಿತು.

ನೀನು ಕೇಳುತ್ತಿಲ್ಲ ಎಂದು ಬರೆದಿದ್ದೆ. ಆಗಲೇ ಹೇಳಬೇಕಿತ್ತು. ಸಕ್ಕರೆ, ಪಿಂಚಣಿ ಎಂದು ಏನೇನೋ ಬರೆದೆ. ಒಂದು ಸಲ ನಿನ್ನ ಮನೆಯ ಮರ್ಯಾದೆ ಕಳೆದವಳು ಇನ್ನೊಂದು ಸಲವೂ ಕಳೆದೆ ಎಂದು ಒಪ್ಪಿಕೊಳ್ಳಲು ಹೆದರಿದೆ. ಆದರೆ ನೀನು ಮೇ ತಿಂಗಳಲ್ಲಿ ಬರೆದ ಪತ್ರದಲ್ಲಿ ಆ ಮುದುಕಿ ಕಿಟಕಿಯಿಂದ ಕೇಳಿದ ಮಾತು ಓದಿದಾಗ ನನಗೆ ಅಳು ಬಂತು. ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಬರೆಸಲು ಬಂದವರು ವಾಪಸ್ ಹೋದರು.

ಈ ಪತ್ರವನ್ನು ನಿಮ್ಮ ಓಣಿಯಲ್ಲಿ ಓದು, ಹಟ್ಟಿಯಲ್ಲಿ ಓದು. ನನ್ನ ಹೆಸರು, ಮೇಜಿನ ಗುರುತು ಎಲ್ಲ ಹೇಳು. ಸಖುಬಾಯಿ ಯಾರಿಗೂ ಮಾರಿಕೊಂಡಿಲ್ಲ. ಅಂದು ಆ ಕೋಣೆಯಲ್ಲಿ ಸರಿಯಾದ ಕೆಲಸ ಮಾಡಿದವಳು ಅವಳೊಬ್ಬಳೇ.

ಕ್ಷಮೆ ಕೇಳುವ ಮುಖವಿಲ್ಲದ
ಮುಸರ್ರತ

*

ಔರಾದ
26 ಜೂನ್ 2023

ಮುಸರ್ರತ,

ನಿನ್ನ ಪತ್ರ ಓದಿ ನನಗೆ ಆಶ್ಚರ್ಯವಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳಲಿಕ್ಕೆ ಮೂರು ವಾರ ತೆಗೆದುಕೊಂಡೆ.

ನನಗೆ ಮೊದಲೇ ಗೊತ್ತಿತ್ತು. ಇಪ್ಪತ್ತನೇ ತಾರೀಖು ಬೆಳಿಗ್ಗೆ ಲಕೋಟೆ ಒಡೆದು ನೋಡಿದ ಕೂಡಲೇ ಗೊತ್ತಾಯಿತು. ಅವಳಿಗೆ ಪೆನ್ನು ಹಿಡಿಯಲು ಕಲಿಸಿದವಳು ನಾನು. ಅವಳು ಎಷ್ಟು ಒತ್ತಿ ಬರೆಯುತ್ತಾಳೆಂದರೆ ಹಾಳೆಯ ಹಿಂದೆ ಅಕ್ಷರ ಕೈಗೆ ಹತ್ತುತ್ತದೆ. ಹಿಂದೆ ಬೆರಳಾಡಿಸಿದೆ, ನುಣ್ಣಗಿತ್ತು. ಮೂರು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹೊಸ ಕಾಗದ ತಂದು ಹತ್ತು ಬಾಗಿಲು ಮತ್ತೆ ತಟ್ಟಬಹುದಿತ್ತು, ಸಿಗದಿದ್ದರೆ ಬಿಡಬಹುದಿತ್ತು. ಯಾರು ನೋಡುತ್ತಾರೆ ಎಂದುಕೊಂಡು ತೆಗೆದುಕೊಂಡು ಹೋಗಿ ಕೊಟ್ಟೆ. ನಿನ್ನನ್ನು ಕೇಳುತ್ತಿಲ್ಲ ಎಂದು ಬರೆದದ್ದು ಅದಕ್ಕೇ. ಕೇಳುವ ಮುಖ ನನಗೂ ಇರಲಿಲ್ಲ.

ಅವಳಿಗೆ ಬಾಗಿಲು ತೆಗೆಯದಿದ್ದದ್ದೂ ಅದಕ್ಕೇ. ಸಿಟ್ಟಿನಿಂದಲ್ಲ. ನಾನು ಸುಳ್ಳು ಕೊಟ್ಟೆ, ಅವಳು ನಿಜ ಹೇಳಿದಳು, ಬೈಗುಳ ಅವಳ ಪಾಲಿಗೆ ಹೋಯಿತು. ನಾನು ಸುಮ್ಮನೆ ಕೂತು ಹೋಗಗೊಟ್ಟೆ.

ನಿನ್ನೆ ಭಾನುವಾರ ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಎಲ್ಲರೂ ಸೇರಿದ್ದರು. ನಿನ್ನ ಪತ್ರ ಓದಿದೆ. ಅದರ ಮೇಲೆ ನನ್ನದನ್ನೂ ಹೇಳಿದೆ. ಕುತುಬೋದ್ದೀನ ಸಾಹೇಬರನ್ನು ಕರೆಸಿದ್ದೆ, ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದುಹೋದರು. ಮುದುಕ ಕೊನೆಗೆ, “ಹಂಗಾದ್ರ ಆ ಮುದುಕಿ ಮನಿಗಿ ಹೋಗು, ಇಲ್ಲಿ ಹೇಳಿ ಏನು ಬಂತು” ಎಂದ. ಅವನು ಹೇಳಿದ್ದು ಸರಿ ಎನ್ನಿಸಿತು.

ಅಲ್ಲಿಂದ ನೇರ ಹಟ್ಟಿಗೆ ಹೋದೆ. ಸಖುಬಾಯಿ ಕುರಿಗಳಿಗೆ ನೀರಿಡುತ್ತಿದ್ದಳು. ಎಲ್ಲ ಹೇಳಿದೆ. ಕೈ ಮುಗಿದೆ. ಅವಳು ಹೂಂ, ಹೂಂ ಎನ್ನುತ್ತ ಕೇಳಿದಳು, ನೀರಿಡುವುದು ನಿಲ್ಲಿಸಲಿಲ್ಲ. ಅವಳು ನಿಜ ಹೇಳಿದಳು, ನೀನೂ ನಾನೂ ಸುಳ್ಳು ಮಾಡಿದೆವು ಎಂದು ನಾನು ಒಂದು ಹಾಳೆಯಲ್ಲಿ ಬರೆದು ತಂದಿದ್ದೆ. ಪಂಚಾಯ್ತಿ ಬೋರ್ಡಿಗೆ ಹಚ್ಚಬೇಕೆಂದು. ಕೆಳಗೆ ನನ್ನ ಸಹಿ ಹಾಕಿ, ಅವಳದ್ದೂ ಇರಲಿ ಎಂದು ಪೆನ್ನು ಅವಳ ಕೈಗೆ ಕೊಟ್ಟೆ.

ಅವಳು ಪೆನ್ನನ್ನು ನನ್ನ ಕೈಗೆ ತಿರುಗಿ ಇಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಎಡಗೈ ಹೆಬ್ಬೆಟ್ಟು ಮುಂದೆ ಚಾಚಿದಳು.

“ಸಹಿ ಬ್ಯಾಡ್ರಿ ಅಕ್ಕೋರ. ಇದ ಹಚ್ಕೋರಿ. ಇದಕ್ಕ ಯಾರೂ ಏನೂ ಕೇಳಂಗಿಲ್ಲ.”

ನನ್ನ ಹತ್ತಿರ ಶಾಯಿ ಇರಲಿಲ್ಲ. ಆ ಬೆರಳು ಹಿಡಿದುಕೊಂಡು ಅಲ್ಲೇ ಕುರಿಗಳ ನಡುವೆ ಕೂತು ಅತ್ತೆ. ಎರಡು ವರ್ಷದ್ದೆಲ್ಲ ಅತ್ತೆ. ಅವಳು ನನ್ನ ತಲೆ ಸವರಿದಳು, ಆದರೆ ಕೈಯಲ್ಲಿ ಪೆನ್ನು ಹಿಡಿಯಲಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯಬೇಡ. ಬಸ್ಸು ಹತ್ತಿ ಬಾ. ನಿನ್ನ ದನಿ ಕೇಳುತ್ತೇನೆ. ನಾಳೆಯಿಂದ ದಿನಾ ಸಂಜೆ ನಾನು ಸ್ಲೇಟು ಹಿಡಿದು ಹಟ್ಟಿಗೆ ಹೋಗಿ ಕೂರುತ್ತೇನೆ. ಅವಳು ಬಂದರೆ ಬಂದಳು. ಬರದಿದ್ದರೆ ಕೂತಿರುತ್ತೇನೆ. ಒಬ್ಬಳೇ ಕೂರಲು ನನಗೆ ಆಗುವುದಿಲ್ಲ.

ಮಾಯಾ